ಎರಡೂ ಕೀ ಮನೆಯಲ್ಲೇ ಇದ್ದವು

ಕಾರು ಕಳುವಾದ ಮೇಲೆ ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ. ಕೀ ಎಲ್ಲಿತ್ತು? ಪಕ್ಕದ ಮನೆ ಆಂಟಿ ಕೇಳಿದರು, ಠಾಣೆಯ ರೈಟರ್ ಕೇಳಿದರು, ಇನ್ಶೂರೆನ್ಸ್ ಕಾಲ್ ಸೆಂಟರ್ ಹುಡುಗಿ ಕೇಳಿದಳು, ಊರಿಂದ ಚಿಕ್ಕಪ್ಪ ಫೋನ್ ಮಾಡಿ ಅದನ್ನೇ ಕೇಳಿದರು. ಒಂದು ಕೀ ನನ್ನ ಬ್ಯಾಗಿನಲ್ಲಿತ್ತು, ಇನ್ನೊಂದು ಬೀರುವಿನಲ್ಲಿತ್ತು. "ಹಂಗಾದ್ರೆ ಕಾರು ಹೆಂಗಮ್ಮಾ ಹೋಯ್ತು?" ಅಂದರು ಚಿಕ್ಕಪ್ಪ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಕ್ಲೇಮ್ ಹಣ ಬರುವ ತನಕ ಅಲೆದ ತಿಂಗಳುಗಳಲ್ಲಿ ಪೊಲೀಸರಿಂದ, ಎಲೆಕ್ಟ್ರಿಷಿಯನ್‌ನಿಂದ, ವಕೀಲರಾದ ಭಾವನಿಂದ ಒಂದಿಷ್ಟು ಕಲಿತೆ. ಯಾರಿಗಾದರೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಹಳೇ ಬಡಾವಣೆ. ಮೂವತ್ತು ಬೈ ನಲವತ್ತರ ಸೈಟು, ಕೆಳಗೆ ಬಾಡಿಗೆಯವರು, ಮೇಲೆ ನಾವು, ಕಾರು ರಸ್ತೆಯಲ್ಲಿ. ಬೀದಿಯಲ್ಲಿ ಹೆಚ್ಚಿನವರ ಕಥೆ ಇದೇ. ಕಾರು ಪುಶ್ ಬಟನ್ ಸ್ಟಾರ್ಟ್ ಇರುವ ಎಸ್‌ಯುವಿ, ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಕಂಪನಿ ಹೆಸರು ಬೇಡ ಬಿಡಿ. ಈ ತೊಂದರೆ ಒಂದೇ ಕಂಪನಿಯದ್ದಲ್ಲ.

ಎದುರು ಮನೆಯವರ ಸಿಸಿಟಿವಿಯಲ್ಲಿ ಎಲ್ಲವೂ ಸಿಕ್ಕಿತು. ಬೆಳಗಿನ ಜಾವ ಮೂರೂವರೆ ಸುಮಾರಿಗೆ ಒಂದು ಬಿಳಿ ಕಾರು ಬಂದು ನಮ್ಮ ಗಾಡಿಯ ಪಕ್ಕ ನಿಂತಿತು. ಇಬ್ಬರು ಇಳಿದರು. ಒಬ್ಬ ಕಿಟಕಿ ಹತ್ತಿರ ಏನೋ ಮಾಡಿದ. ಅಲಾರಂ ಒಂದೆರಡು ಸಲ ಕೂಗಿ ನಿಂತಿತು. ನಮ್ಮ ಬೀದಿಯಲ್ಲಿ ಬೆಕ್ಕು ಬಾನೆಟ್ ಮೇಲೆ ಹಾರಿದರೂ ಯಾವುದಾದರೂ ಕಾರು ಕೂಗುತ್ತಿರುತ್ತದೆ, ಅದಕ್ಕೆಲ್ಲ ಯಾರೂ ಏಳುವುದಿಲ್ಲ. ಒಳಗೆ ಹೋದವನು ಸ್ಟೀರಿಂಗ್ ಕೆಳಗೆ ಬಗ್ಗಿದ. ಅವನ ಮುಖದ ಮೇಲೆ ಟ್ಯಾಬಿನ ಬೆಳಕು ಬೀಳುತ್ತಿತ್ತು. ಆಮೇಲೆ ಬ್ರೇಕ್ ಲೈಟ್ ಹತ್ತಿತು, ಕಾರು ಹೊರಟೇ ಹೋಯಿತು. ಐದು ನಿಮಿಷವೂ ಆಗಿರಲಿಲ್ಲ. ಬೀಗ ಒಡೆದಿಲ್ಲ, ವೈರ್ ಕಿತ್ತು ಕಿಡಿ ಹಾರಿಸಿಲ್ಲ.

ಬೆಳಿಗ್ಗೆ 112ಕ್ಕೆ ಫೋನ್ ಮಾಡಿದೆ. ಬಂದ ಪೊಲೀಸಪ್ಪ ಕೇಳಿದ್ದು, "ಇಎಂಐ ಬಾಕಿ ಇದ್ಯಾ ಮೇಡಂ? ಫೈನಾನ್ಸ್‌ನವರು ಎತ್ಕೊಂಡು ಹೋಗಿರ್ತಾರೆ ಕೆಲವು ಸಲ." ನನಗೆ ಸಿಟ್ಟು ಬಂತು. ಆದರೆ ಅವರ ಪ್ರಶ್ನೆ ಸರಿಯಾದದ್ದೇ. ಟೋಯಿಂಗ್ ಆಗಿದೆಯಾ, ಸಾಲದವರು ಒಯ್ದಿದ್ದಾರಾ, ಮನೆಯವರೇ ಯಾರಾದರೂ ತಗೊಂಡು ಹೋಗಿದ್ದಾರಾ, ಇಷ್ಟು ನೋಡಿಕೊಂಡ ಮೇಲೆಯೇ ಅದು ಕಳ್ಳತನ. ವಿಡಿಯೋ ಇದ್ದದ್ದರಿಂದ ನಮ್ಮ ಮಾತಿಗೆ ಬೆಲೆ ಬಂತು.

ಠಾಣೆಗೆ ಹೋಗುವಾಗ ಆರ್‌ಸಿ, ಇನ್ಶೂರೆನ್ಸ್ ಪಾಲಿಸಿ, ಚಾಸಿ ನಂಬರ್, ಎಂಜಿನ್ ನಂಬರ್ ಎಲ್ಲ ಇಟ್ಟುಕೊಂಡು ಹೋಗಿ. ಆರ್‌ಸಿ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇತ್ತು ಅಂದರೆ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಈಗ ಕಳ್ಳತನಕ್ಕೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 303(2). 2024ರ ಜುಲೈ 1ಕ್ಕಿಂತ ಮೊದಲು ಇದೇ ಐಪಿಸಿ 379 ಆಗಿತ್ತು. ಆರೋಪಿ ಯಾರು ಅಂತ ಗೊತ್ತಿಲ್ಲದ ವಾಹನ ಕಳ್ಳತನಕ್ಕೆ ಕರ್ನಾಟಕ ಪೊಲೀಸರ ಇ-ಎಫ್‌ಐಆರ್ ವ್ಯವಸ್ಥೆಯೂ ಇದೆ. ನಾನು ಠಾಣೆಗೇ ಹೋದೆ, ಎದುರಿಗೆ ಕೂತು ಬರೆಸಿದರೆ ಸಮಾಧಾನ ಅಂತ. ರೈಟರ್ ಒಂದು ಒಳ್ಳೆ ಮಾತು ಹೇಳಿದರು: "ಕಾರು ನಿಲ್ಲಿಸಿದ್ದು ಯಾವಾಗ, ಕೊನೇ ಸಲ ನೋಡಿದ್ದು ಯಾವಾಗ, ಇಲ್ಲ ಅಂತ ಗೊತ್ತಾಗಿದ್ದು ಯಾವಾಗ. ಮೂರನ್ನೂ ಬೇರೆ ಬೇರೆ ಬರೀರಿ. ನಾಳೆ ಇನ್ಶೂರೆನ್ಸ್‌ನವರು ಇದನ್ನೇ ಹಿಡ್ಕೊಂಡು ಕೂರ್ತಾರೆ." ಎರಡೂ ಕೀ ನಮ್ಮ ಬಳಿ ಇವೆ ಅನ್ನುವುದನ್ನೂ ದೂರಿನಲ್ಲೇ ಬರೆಸಿದರು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ಮಧ್ಯಾಹ್ನ ಕ್ರೈಂ ಸ್ಟಾಫ್ ಬಂದು ಸ್ಥಳ ಮಹಜರು ಮಾಡಿದರು. ಅಕ್ಕಪಕ್ಕದ ಇಬ್ಬರು ಪಂಚರಾಗಿ ಸಹಿ ಹಾಕಿದರು.

ಕಾರಿನ ಕಂಪನಿಯ ಆ್ಯಪ್ ಇತ್ತಲ್ಲ, ಕಾರು ಎಲ್ಲಿದೆ ಅಂತ ಮ್ಯಾಪಿನಲ್ಲಿ ತೋರಿಸುವುದು? ಅದರ ಮೇಲೆ ನನಗೆ ತುಂಬಾ ನಂಬಿಕೆ ಇತ್ತು. ಅದರಲ್ಲಿ ಕಾರು ಇನ್ನೂ ನಮ್ಮ ಮನೆ ಮುಂದೆಯೇ ನಿಂತಿತ್ತು! ಕೊನೆಯ ಸಿಗ್ನಲ್ ಅಲ್ಲಿಯದ್ದು. ಫಾಸ್ಟ್ಯಾಗ್ ಮೆಸೇಜ್ ಬರಬಹುದು ಅಂತ ಎರಡು ದಿನ ಫೋನ್ ಹಿಡಿದು ಕೂತೆವು. ಒಂದು ಟೋಲಿನಿಂದಲೂ ಬರಲಿಲ್ಲ. "ಅವರು ಮೊದಲು ಕೀಳೋದೇ ಫಾಸ್ಟ್ಯಾಗು, ಆಮೇಲೆ ನಂಬರ್ ಪ್ಲೇಟು" ಅಂದರು ಕ್ರೈಂ ಕಾನ್‌ಸ್ಟೇಬಲ್. ಕಂಪನಿಯ ಟ್ರ್ಯಾಕರ್ ಯಾವ ಮಾಡೆಲ್‌ನಲ್ಲಿ ಎಲ್ಲಿರುತ್ತದೆ ಅನ್ನುವುದು ಕಳ್ಳರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸಿಗ್ನಲ್ ತಡೆಯುವ ಜಾಮರ್ ಕೂಡ ಇಟ್ಟುಕೊಂಡಿರುತ್ತಾರಂತೆ.

ಹಾಗಾದರೆ ಕಾರು ಸ್ಟಾರ್ಟ್ ಆಗಿದ್ದು ಹೇಗೆ? ಇದನ್ನು ನನಗೆ ಬಿಡಿಸಿ ಹೇಳಿದವರು ಜೆ.ಸಿ. ರಸ್ತೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಕಾರಿನ ಕೀ ಕಳೆದುಕೊಂಡವರಿಗೆ ಹೊಸದು ಮಾಡಿಕೊಡುವುದೂ ಅವರ ಕೆಲಸ. ಸ್ಟೀರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತದೆ, ಓಬಿಡಿ ಪೋರ್ಟ್ ಅಂತ. ಸರ್ವಿಸ್‌ನವರು ಸ್ಕ್ಯಾನರ್ ಚುಚ್ಚುವುದು ಅಲ್ಲಿಗೇ. ಕೀ ಒಳಗೆ ಒಂದು ಚಿಪ್ ಇರುತ್ತದೆ. ಅದರ ಗುರುತು ಕಾರಿನ ಕಂಪ್ಯೂಟರ್‌ಗೆ ಗೊತ್ತಿದ್ದರೆ ಮಾತ್ರ ಎಂಜಿನ್ ಏಳುತ್ತದೆ. ಇದೇ ಇಮೊಬಿಲೈಸರ್. ಕೀ ಕಳೆದರೆ ಏನು ಮಾಡುತ್ತಾರೆ? ಖಾಲಿ ಕೀ ತಂದು, ಟ್ಯಾಬ್‌ನಂಥ ಮೆಷಿನ್ ಅನ್ನು ಆ ಸಾಕೆಟ್‌ಗೆ ಹಾಕಿ, "ಇದೂ ನಿನ್ನದೇ ಕೀ" ಅಂತ ಕಾರಿಗೆ ಹೇಳಿಕೊಡುತ್ತಾರೆ. "ನಾನು ಮಾಡೋದೂ ಅದೇ ಅಕ್ಕಾ, ಅವರು ಮಾಡೋದೂ ಅದೇ. ನಾನು ಆರ್‌ಸಿ, ಆಧಾರ್ ನೋಡಿ ಮಾಡ್ತೀನಿ, ಅಷ್ಟೇ ವ್ಯತ್ಯಾಸ" ಅಂತ ನಕ್ಕರು.

ಅಂದರೆ ನಮ್ಮ ಕಳ್ಳರಿಗೆ ನಮ್ಮ ಕೀ ಬೇಕಾಗಿಯೇ ಇರಲಿಲ್ಲ. ಅಲ್ಲೇ ಕೂತು ತಮಗೊಂದು ಕೀ ಮಾಡಿಕೊಂಡರು. ನಮ್ಮ ದೇಶದಲ್ಲಿ ಸಿಕ್ಕಿಬಿದ್ದ ಗ್ಯಾಂಗುಗಳ ಬಳಿ ಪೊಲೀಸರಿಗೆ ಮತ್ತೆ ಮತ್ತೆ ಸಿಗುವುದು ಇದೇ ಸಾಮಾನು: ಕೀ ಪ್ರೋಗ್ರಾಂ ಮಾಡುವ ಟ್ಯಾಬು, ಖಾಲಿ ಕೀಗಳು, ಜಾಮರ್, ನಕಲಿ ನಂಬರ್ ಪ್ಲೇಟು.

ಇನ್ನೊಂದು ದಾರಿ ಇದೆ, ಯುರೋಪಿನಲ್ಲಿ ಜಾಸ್ತಿ. ಕೀ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆಗೆಯುತ್ತದಲ್ಲ, ಆ ಸೌಲಭ್ಯವನ್ನೇ ಮೋಸಗೊಳಿಸುವುದು. ಕಾರು ಸಣ್ಣ ರೇಡಿಯೋ ಸಿಗ್ನಲ್‌ನಲ್ಲಿ "ಕೀ ಹತ್ತಿರ ಇದೆಯಾ?" ಅಂತ ಕೇಳುತ್ತಿರುತ್ತದೆ. ಅದು ಮುಟ್ಟುವುದು ಒಂದೆರಡು ಮೀಟರ್ ಅಷ್ಟೇ. ಒಬ್ಬ ಕಾರಿನ ಹತ್ತಿರ ನಿಂತು ಆ ಸಿಗ್ನಲ್ ಹಿಡಿದು, ಮನೆ ಬಾಗಿಲ ಬಳಿ ನಿಂತ ಇನ್ನೊಬ್ಬನ ಮೆಷಿನ್‌ಗೆ ದಾಟಿಸುತ್ತಾನೆ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ ಕೀ "ಇದ್ದೀನಿ" ಅಂತ ಉತ್ತರ ಕೊಡುತ್ತದೆ. ಕಾರು ನಂಬಿಬಿಡುತ್ತದೆ. 2011ರಲ್ಲೇ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 8 ಕಂಪನಿಗಳ 10 ಕಾರುಗಳ ಮೇಲೆ ಇದನ್ನು ಮಾಡಿ ನೋಡಿದ್ದರು. ಹತ್ತೂ ಮೋಸ ಹೋದವು. ಅದಾದ ಮೇಲೂ ಕಂಪನಿಗಳು ಎಷ್ಟು ವರ್ಷ ಅದೇ ಥರದ ಕೀ ಮಾರಿದವು ನೋಡಿ. ಈಗಿನ ಕೆಲವು ಕೀಗಳು ಅಲುಗಾಡದೆ ಸ್ವಲ್ಪ ಹೊತ್ತು ಬಿದ್ದಿದ್ದರೆ ತಾವೇ ನಿದ್ದೆಗೆ ಹೋಗುತ್ತವೆ. ಅಲ್ಟ್ರಾ ವೈಡ್‌ಬ್ಯಾಂಡ್ ಇರುವ ಕೀಗಳಾದರೆ ಸಿಗ್ನಲ್ ಬಂದು ಹೋಗುವ ಸಮಯ ಅಳೆದು, ಕೀ ನಿಜವಾಗಿ ಎಷ್ಟು ದೂರ ಇದೆ ಅಂತ ಕಂಡುಹಿಡಿಯುತ್ತವೆ.

ಮೂರನೆಯದು ಓದಿ ನನಗೆ ನಗುವೇ ಬಂತು. 2022ರಲ್ಲಿ ಲಂಡನ್ನಿನಲ್ಲಿ ಇಯಾನ್ ಟೇಬರ್ ಅನ್ನುವವರ ಟೊಯೊಟಾ ರಾವ್4 ಕಳುವಾಯಿತು. ಅವರ ಕೆಲಸವೇ ಕಾರುಗಳ ಸೈಬರ್ ಸುರಕ್ಷತೆ! ಅದಕ್ಕೂ ಮೊದಲು ಯಾರೋ ಬಂಪರ್ ಎಳೆದು, ಹೆಡ್‌ಲೈಟ್ ವೈರ್ ಕಿತ್ತಿದ್ದರು. ಕಿಡಿಗೇಡಿಗಳ ಕೆಲಸ ಅಂದುಕೊಂಡಿದ್ದರಂತೆ. ನಿಜ ಏನೆಂದರೆ, ಈಗಿನ ಕಾರಿನಲ್ಲಿ ಹೆಡ್‌ಲೈಟ್‌ನಿಂದ ಬಾಗಿಲಿನವರೆಗೆ ಎಲ್ಲ ಕಂಪ್ಯೂಟರ್‌ಗಳೂ ಕ್ಯಾನ್ ಬಸ್ ಅನ್ನುವ ವೈರುಗಳ ಮೇಲೆ ಮಾತಾಡಿಕೊಳ್ಳುತ್ತವೆ. ಹೆಡ್‌ಲೈಟ್ ಹತ್ತಿರದ ವೈರಿಗೆ ಒಂದು ಮೆಷಿನ್ ಸಿಕ್ಕಿಸಿ, "ಸರಿಯಾದ ಕೀ ಬಂದಿದೆ, ಬಾಗಿಲು ತೆಗಿ" ಅಂತ ಸುಳ್ಳು ಸಂದೇಶ ಕಳಿಸಿದರೆ ಮುಗಿಯಿತು. ಆ ಮೆಷಿನ್ ಅನ್ನು ಬ್ಲೂಟೂತ್ ಸ್ಪೀಕರ್ ಡಬ್ಬಿಯೊಳಗೆ ಬಚ್ಚಿಟ್ಟು ಮಾರುತ್ತಿದ್ದರು. ಆದ್ದರಿಂದ ಬಂಪರ್ ಅಥವಾ ಹೆಡ್‌ಲೈಟ್ ಸುಮ್ನೆ ಸಡಿಲವಾಗಿದ್ದರೆ ಅಸಡ್ಡೆ ಮಾಡಬೇಡಿ.

ಈಗ ಇನ್ಶೂರೆನ್ಸ್. ಕಾರು ಹೋಗಿದ್ದಕ್ಕಿಂತ ಜಾಸ್ತಿ ನಿದ್ದೆ ಕೆಡಿಸಿದ್ದು ಇದು. ಮೊದಲೇ ಹೇಳಿಬಿಡುತ್ತೇನೆ, ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಳ್ಳತನಕ್ಕೆ ಒಂದು ಪೈಸೆಯೂ ಬರುವುದಿಲ್ಲ. ನಮ್ಮದು ಕಾಂಪ್ರೆಹೆನ್ಸಿವ್. ಎಫ್‌ಐಆರ್ ಆದ ದಿನವೇ ಫೋನಿನಲ್ಲಿ ಹೇಳಿ, ಇಮೇಲ್ ಕೂಡ ಕಳಿಸಿದೆ. ಆರ್‌ಟಿಓಗೆ, ಸಾಲ ಕೊಟ್ಟ ಬ್ಯಾಂಕಿಗೆ ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡೆ. ಆರ್‌ಟಿಓಗೆ ಹೇಳುವುದು ಯಾಕೆ ಮುಖ್ಯ ಅಂದರೆ, ನಿಮ್ಮ ಹೆಸರಿನ ಗಾಡಿಯನ್ನು ಇನ್ಯಾರಿಗೋ ವರ್ಗಾಯಿಸುವ ದಾರಿ ಅಲ್ಲಿಂದ ಬಂದ್ ಆಗಬೇಕು.

ಕೆಲವು ದಿನದ ಮೇಲೆ ಕಂಪನಿ ಕಡೆಯಿಂದ ಇನ್ವೆಸ್ಟಿಗೇಟರ್ ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಕಾಫಿ ಕುಡಿಯುತ್ತಲೇ ಇಡೀ ಸಂಸಾರದ ವಿಚಾರಣೆ ಮಾಡಿದರು. ಡ್ರೈವರ್ ಇದ್ದಾನಾ? ಕಾರು ಯಾವತ್ತಾದರೂ ಯಾರಿಗಾದರೂ ಕೊಟ್ಟಿದ್ರಾ? ಕೊನೇ ಸರ್ವಿಸ್ ಎಲ್ಲಿ? ಆಮೇಲೆ ಎರಡೂ ಕೀ ಕೈಗೆ ತಗೊಂಡು, ಮೊಬೈಲ್ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಒಂದು ಸವೆದಿದೆ, ಒಂದು ಹೊಸದರ ಹಾಗಿದೆಯಲ್ಲ ಮೇಡಂ?" ಅಂದರು. ಬೀರುವಿನಲ್ಲಿಟ್ಟ ಕೀ ಸವೆಯುವುದು ಹೇಗೆ? ಆದರೆ ಅವರ ಅನುಮಾನ ಬೇರೆ. ಒಂದು ಅಸಲಿ ಕೀಯನ್ನು ಕಾರಿನ ಜೊತೆ ಮಾರಿ, ಡೂಪ್ಲಿಕೇಟ್ ಮಾಡಿಸಿಟ್ಟು ಕ್ಲೇಮ್ ಹಾಕುವವರೂ ಇದ್ದಾರಂತೆ. ಶೋರೂಮಿಗೆ ಹೋಗಿ ಈ ಕಾರಿಗೆ ಎಷ್ಟು ಕೀ ಕೊಟ್ಟಿದ್ದೀರಿ, ಆಮೇಲೆ ಯಾರಾದರೂ ಹೊಸ ಕೀ ಆರ್ಡರ್ ಮಾಡಿದ್ದಾರಾ ಅಂತ ವಿಚಾರಿಸಿದರು. ಕೀ ಇಲ್ಲದೆಯೇ ಕದಿಯುವ ಕಾಲದಲ್ಲಿ ಮಾಲೀಕರ ಪ್ರಾಮಾಣಿಕತೆಯನ್ನು ಕೀಯಿಂದಲೇ ಅಳೆಯುತ್ತಾರೆ! ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ಸರಿಯೋ ತಪ್ಪೋ, ಎರಡನೇ ಕೀಯನ್ನು ಭದ್ರವಾಗಿಡಿ. ಒಂದು ಕೀ ಕಳೆದುಹೋದರೆ ಆಗಲೇ ಪೊಲೀಸರಿಗೆ ದೂರು ಕೊಟ್ಟು, ಇನ್ಶೂರೆನ್ಸ್‌ಗೂ ಬರೆದು ಹಾಕಿ. ಹೊಸದು ಮಾಡಿಸಿದ ಬಿಲ್ ಎಸೆಯಬೇಡಿ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುವಾಗ ಎರಡೂ ಕೀ ಕೇಳಿ.

ಮಧ್ಯದಲ್ಲಿ ನಮ್ಮ ಫೈಲ್ ನಿಂತುಬಿಟ್ಟಿತು. ಕಾಗದ ಒಂದು ಆಫೀಸಿನಿಂದ ಇನ್ನೊಂದಕ್ಕೆ ತಡವಾಗಿ ತಲುಪಿದೆ, ಹಾಗಾಗಿ "ತಡವಾಗಿ ತಿಳಿಸಿದ್ದೀರಿ" ಅಂತ ಒಂದು ಪತ್ರ ಬಂತು. ಆಗ ಭಾವ ಸುಪ್ರೀಂ ಕೋರ್ಟಿನ ತೀರ್ಪು ತೋರಿಸಿದರು. 2020ರ ಜನವರಿಯಲ್ಲಿ, ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ಎಫ್‌ಐಆರ್ ತಕ್ಷಣ ಆಗಿದ್ದು, ಕಳ್ಳತನ ನಿಜ ಅಂತ ಇದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವ ಹಾಗಿಲ್ಲ. ನಮ್ಮ ಇಮೇಲ್ ತಾರೀಖು ಮತ್ತು ಈ ತೀರ್ಪು ಎರಡನ್ನೂ ಸೇರಿಸಿ ಉತ್ತರ ಬರೆದೆವು. ಫೈಲ್ ಮತ್ತೆ ಓಡಾಡತೊಡಗಿತು. ಇನ್ನೊಂದು ತೀರ್ಪೂ ನೆನಪಿಟ್ಟುಕೊಳ್ಳುವಂಥದ್ದು. 2023ರಲ್ಲಿ ಅಶೋಕ್ ಕುಮಾರ್ ಅನ್ನುವವರ ಟ್ರಕ್ ಪ್ರಕರಣ. ಕೀ ಗಾಡಿಯಲ್ಲೇ ಬಿಟ್ಟಿದ್ದರೂ ಏನೂ ಕೊಡಲ್ಲ ಅನ್ನಬೇಡಿ, ಶೇ 75 ಕೊಡಿ ಅಂತ ಕೋರ್ಟ್ ಹೇಳಿತು. ಕಂಪನಿ ಒಪ್ಪದಿದ್ದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ, ಗ್ರಾಹಕರ ಆಯೋಗ ಇದೆ. ನಮಗೆ ಅಲ್ಲಿ ತನಕ ಹೋಗಬೇಕಾಗಿ ಬರಲಿಲ್ಲ.

ಜಾಸ್ತಿ ಕಾಯಿಸಿದ್ದು 'ಸಿ ರಿಪೋರ್ಟ್'. ಹುಡುಕಿದೆವು, ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ ಅದು. ಅದು ಬರದೆ ಕಂಪನಿ ಹಣ ಬಿಡುಗಡೆ ಮಾಡುವುದಿಲ್ಲ. ಪೊಲೀಸರಿಗೂ ಹುಡುಕೋಕೆ ಸಮಯ ಬೇಕಲ್ವಾ, ಕೇಸು ಬೇಗ ಮುಚ್ಚಿ ಅಂತ ಹೇಳುವುದಕ್ಕೆ ನಮಗೇ ಒಂಥರಾ. ಆದರೆ ಈ ಕಡೆ ಇಎಂಐ ತಿಂಗಳು ತಿಂಗಳು ಕಟ್ ಆಗುತ್ತಲೇ ಇರುತ್ತದೆ. ಇಲ್ಲದ ಕಾರಿಗೆ ಕಂತು ಕಟ್ಟುವುದು ಎಂಥ ಸಂಕಟ! ಅದನ್ನು ನಿಲ್ಲಿಸಲೂಬೇಡಿ, ಸಿಬಿಲ್ ಸ್ಕೋರ್ ಬಿದ್ದುಹೋಗುತ್ತದೆ.

ಕೊನೆಗೆ ಕೀಗಳನ್ನು ಒಪ್ಪಿಸಿ, ಆರ್‌ಟಿಓ ಫಾರಂಗಳಿಗೆ, ಕಾರಿನ ಹಕ್ಕನ್ನೆಲ್ಲ ಕಂಪನಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿದೆವು. ನಾಳೆ ಕಾರು ಸಿಕ್ಕರೂ ಅದು ಅವರದ್ದು. ಹಣ ಮೊದಲು ಬ್ಯಾಂಕಿನ ಸಾಲಕ್ಕೆ ಹೋಗುತ್ತದೆ, ಉಳಿದದ್ದು ನಮಗೆ. ಎಷ್ಟು ಸಿಗುತ್ತದೆ ಅನ್ನುವುದು ಐಡಿವಿ ಮೇಲೆ, ಅಂದರೆ ಪಾಲಿಸಿಯಲ್ಲಿ ಬರೆದಿರುವ ಕಾರಿನ ಬೆಲೆಯ ಮೇಲೆ. ಎರಡು ವರ್ಷ ದಾಟಿ ಮೂರು ವರ್ಷದೊಳಗಿನ ಕಾರಿಗೆ ಶೋರೂಂ ಬೆಲೆಯಲ್ಲಿ ಶೇ 30 ಕಡಿತ, ನಾಲ್ಕು ದಾಟಿ ಐದರೊಳಗಾದರೆ ಶೇ 50. ಇದರಲ್ಲಿ ರೋಡ್ ಟ್ಯಾಕ್ಸ್ ಸೇರಿರುವುದಿಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸೇ ಶೇ 17, ಮೇಲೆ ಸೆಸ್. ಲೆಕ್ಕ ಹಾಕಿ ನೋಡಿ, ಎಷ್ಟು ದೊಡ್ಡ ಹಣ. 'ರಿಟರ್ನ್ ಟು ಇನ್‌ವಾಯ್ಸ್' ಅನ್ನುವ ಆ್ಯಡ್ ಆನ್ ಇದ್ದರೆ ಕೊಂಡ ಬೆಲೆ ಸಿಗುತ್ತದೆ, ಸಾಮಾನ್ಯವಾಗಿ ಟ್ಯಾಕ್ಸ್, ರಿಜಿಸ್ಟ್ರೇಷನ್ ಕೂಡ. ಕಾರು ಹೊಸದಿರುವ ಮೊದಲ ಕೆಲವು ವರ್ಷ ಮಾತ್ರ ಇದನ್ನು ಕೊಡುತ್ತಾರೆ. ರಸ್ತೆಯಲ್ಲಿ ಕಾರು ನಿಲ್ಲಿಸುವವರು ಬೇರೆ ಆ್ಯಡ್ ಆನ್ ಬಿಟ್ಟರೂ ಇದನ್ನು ಬಿಡಬೇಡಿ.

ಹೊಸ ಕಾರು ಬಂದ ಮೇಲೆ ಮತ್ತೆ ಜೆ.ಸಿ. ರಸ್ತೆಗೆ ಹೋದೆ. ಎಲೆಕ್ಟ್ರಿಷಿಯನ್ ತತ್ವ ಸರಳ: "ಅಕ್ಕಾ, ತಡೆಯೋಕಾಗಲ್ಲ. ಹೊತ್ತು ಹಿಡಿಯೋ ಹಾಗೆ ಮಾಡಬೋದು. ಹತ್ತು ನಿಮಿಷ ಆಗುತ್ತೆ ಅಂದ್ರೆ ಅವರು ಮುಂದಿನ ಕಾರಿಗೆ ಹೋಗ್ತಾರೆ." ಮುಂದಿನ ಕಾರಿನವರ ಗತಿ ಏನು ಅಂತ ನಾನು ಕೇಳಲಿಲ್ಲ.

ಅವರು ಮೊದಲು ಕೊಟ್ಟದ್ದು ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ ಸ್ಟೀರಿಂಗ್ ಲಾಕ್. ಇಷ್ಟೆಲ್ಲ ಕಂಪ್ಯೂಟರ್ ಇರುವ ಕಾರಿಗೆ ಕಬ್ಬಿಣದ ದೊಣ್ಣೆ! ಆದರೆ ಯಾವ ಟ್ಯಾಬಿನಿಂದಲೂ ಅದನ್ನು ತೆಗೆಯಲು ಬರುವುದಿಲ್ಲ, ಕಟರ್ ತಂದು ಸದ್ದು ಮಾಡಬೇಕು. ದೂರದಿಂದಲೇ ಕಾಣುತ್ತದೆ ಅನ್ನುವುದು ಅದರ ಅರ್ಧ ಕೆಲಸ. ನನ್ನ ಲೆಕ್ಕದಲ್ಲಿ ಕೊಟ್ಟ ಕಾಸಿಗೆ ಅತ್ಯಂತ ಹೆಚ್ಚು ಬೆಲೆ ಬಂದದ್ದು ಇದಕ್ಕೇ. ಎರಡನೆಯದು ಓಬಿಡಿ ಪೋರ್ಟಿಗೆ ಬೀಗ ಹಾಕುವ ಕಬ್ಬಿಣದ ಮುಚ್ಚಳ. ಮೂರನೆಯದು ಬಚ್ಚಿಟ್ಟ ಸ್ವಿಚ್. ಅದನ್ನು ಒತ್ತದಿದ್ದರೆ ಫ್ಯೂಯಲ್ ಪಂಪ್‌ಗೆ ಕರೆಂಟ್ ಹೋಗುವುದಿಲ್ಲ, ಹೊಸ ಕೀ ಮಾಡಿಕೊಂಡರೂ ಎಂಜಿನ್ ಓಡಲ್ಲ. ಇದರಲ್ಲಿ ಒಂದು ತೊಡಕಿದೆ. ವೈರ್ ಕತ್ತರಿಸಿದರೆ ಶೋರೂಮಿನವರು ವಾರಂಟಿ ತಕರಾರು ತೆಗೆಯುತ್ತಾರೆ. ಮೊದಲೇ ಕೇಳಿಕೊಂಡು, ವೈರ್ ಕತ್ತರಿಸದೆ ರಿಲೇ ಜಾಗದಲ್ಲಿ ಕೂರಿಸುವ ಕಿಟ್ ಹಾಕಿಸಿದೆ. ಸರ್ವಿಸ್‌ಗೆ ಬಿಟ್ಟ ದಿನ "ಮೇಡಂ, ನಿಮ್ಮ ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂತ ಫೋನ್ ಬಂತು. ನಾನೇ ಹೋಗಿ ಒತ್ತಿ ಬಂದೆ.

ಜಿಪಿಎಸ್ ಟ್ರ್ಯಾಕರ್ ಹಾಕಿಸುವವರು ಓಬಿಡಿಗೆ ಚುಚ್ಚುವ ಥರದ್ದು ತಗೋಬೇಡಿ, ಕಳ್ಳ ಮೊದಲು ಕೈ ಹಾಕುವ ಜಾಗವೇ ಅದು. ಸ್ವಂತ ಬ್ಯಾಟರಿ ಇರುವುದನ್ನು ಸೀಟಿನೊಳಗೋ ಎಲ್ಲೋ ಹುದುಗಿಸಿ. ಜಾಮರ್ ಇದ್ದರೆ ಅದೂ ಸುಮ್ಮನಾಗುತ್ತದೆ ಅನ್ನುವುದು ನೆನಪಿರಲಿ. ಕೀ ಈಗ ಸಿಗ್ನಲ್ ತಡೆಯುವ ಫ್ಯಾರಡೇ ಚೀಲದಲ್ಲಿ, ಬಾಗಿಲಿನಿಂದ ದೂರದ ರೂಮಿನಲ್ಲಿ. ಚೀಲ ಕೆಲಸ ಮಾಡುತ್ತದಾ ಅಂತ ನೋಡುವುದು ಸುಲಭ. ಕೀಯನ್ನು ಅದರೊಳಗೆ ಹಾಕಿ ಕಾರಿನ ಪಕ್ಕ ನಿಂತು ಬಾಗಿಲು ಎಳೆಯಿರಿ, ತೆಗೆಯಬಾರದು. ಹಳೆಯದಾದಂತೆ ಒಳಗಿನ ಪದರ ಹರಿಯುತ್ತದೆ, ಆಗಾಗ ನೋಡಿ. ಕೆಲವು ಕಾರುಗಳಲ್ಲಿ ಕೀ ಮುಟ್ಟದೆ ಬಾಗಿಲು ತೆಗೆಯುವ ಸೌಲಭ್ಯವನ್ನೇ ಆಫ್ ಮಾಡಬಹುದು, ಮ್ಯಾನ್ಯುವಲ್‌ನಲ್ಲಿ ಬರೆದಿರುತ್ತದೆ. ಇನ್ಶೂರೆನ್ಸ್ ಟ್ಯಾರಿಫಿನಲ್ಲಿ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಒಪ್ಪಿದ ಆ್ಯಂಟಿ ಥೆಫ್ಟ್ ಸಾಧನಕ್ಕೆ ರಿಯಾಯಿತಿಯೂ ಇದೆ. ಶೇ 2.5, ಜಾಸ್ತಿ ಅಂದರೆ 500 ರೂಪಾಯಿ. ಧಾರಾಳಿಗಳು!

ನಮ್ಮ ಕಾರು ಏನಾಯಿತು ಅಂತ ಕ್ರೈಂ ಕಾನ್‌ಸ್ಟೇಬಲ್‌ರನ್ನು ಕೇಳಿದ್ದೆ. ಬಿಚ್ಚಿ ಬಿಡಿಭಾಗ ಮಾಡಿ ಗುಜರಿಗೆ ಹಾಕುವುದು ಒಂದು ದಾರಿ. ಉತ್ತರದಲ್ಲಿ ಮೀರತ್‌ನ ಸೋತಿಗಂಜ್ ಅದಕ್ಕೇ ಹೆಸರಾಗಿತ್ತು, 2021ರ ಡಿಸೆಂಬರ್‌ನಲ್ಲಿ ಪೊಲೀಸರು ಆ ಮಾರುಕಟ್ಟೆ ಮುಚ್ಚಿಸಿದರು. ಇನ್ನೊಂದು ದಾರಿ ಸ್ವಲ್ಪ ಜಾಣತನದ್ದು. ಅಪಘಾತದಲ್ಲಿ ಜಜ್ಜಿಹೋಗಿ ಟೋಟಲ್ ಲಾಸ್ ಆದ ಅದೇ ಮಾಡೆಲ್ ಕಾರನ್ನು ಆರ್‌ಸಿ ಸಮೇತ ಅಗ್ಗಕ್ಕೆ ಕೊಳ್ಳುತ್ತಾರೆ. ಅದರ ಚಾಸಿ ನಂಬರನ್ನು ಕದ್ದ ಕಾರಿನ ಮೇಲೆ ಕೊರೆಯುತ್ತಾರೆ. ಕಾಗದ ಎಲ್ಲ ಅಸಲಿ, ಕಾರು ಮಾತ್ರ ಇನ್ಯಾರದ್ದೋ. ಬೇರೆ ರಾಜ್ಯದಲ್ಲಿ ಮಾರಿದರೆ ಕೇಳುವವರಿಲ್ಲ.

ಮೊನ್ನೆ ನನ್ನ ತಮ್ಮ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟಾಗ ನಾನೂ ಜೊತೆಗೆ ಹೋದೆ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಎಲ್ಲ ಸರಿಯಾಗಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) ವಾಹನ್ ಸಮನ್ವಯ್‌ನಲ್ಲೂ ಕಳುವಾದ ಗಾಡಿಗಳ ಪಟ್ಟಿಯಲ್ಲಿರಲಿಲ್ಲ. ಹೊರ ರಾಜ್ಯದ ಗಾಡಿ, ಬೆಲೆ ಮಾರುಕಟ್ಟೆಗಿಂತ ತುಂಬಾ ಕಡಿಮೆ. ಕಾರಿನ ಮೇಲಿನ ಚಾಸಿ ನಂಬರ್ ನೋಡಬೇಕು, ಇನ್ಶೂರೆನ್ಸ್ ಕಂಪನಿಯಿಂದ ಹಳೇ ಕ್ಲೇಮ್ ವಿವರ ಬೇಕು, ಎರಡನೇ ಕೀ ಬೇಕು ಅಂದೆ. ಮಾರುವವನು ಮೊದಲೆರಡಕ್ಕೆ ತಲೆಯಾಡಿಸಿದ. ಎರಡನೇ ಕೀ ಊರಲ್ಲಿದೆ, ಆಮೇಲೆ ಕೊರಿಯರ್ ಮಾಡ್ತೀನಿ ಅಂದ. ಬಾನೆಟ್ ಎತ್ತಿ ಟಾರ್ಚ್ ಹಾಕಿದರೆ ಚಾಸಿ ನಂಬರಿನ ಸುತ್ತ ಮಾತ್ರ ಬಣ್ಣ ಹೊಸದು. ತಮ್ಮ ನನ್ನ ಮುಖ ನೋಡಿದ. ಫೋನ್ ಮಾಡ್ತೀವಿ ಅಂತ ಹೇಳಿ ಆಟೋ ಹತ್ತಿದೆವು.